ಫ್ಯಾಂಟಮ್: ಚಿತ್ರಕಥೆಯ ವ್ರತಧಾರಿ

ಸಹಕಾರನಗರ, ಕೊಡಿಗೇಹಳ್ಳಿ, ಯಲಹಂಕದ ಬಡಾವಣೆಗಳಲ್ಲಿ ಇಂದು ಮೊಮ್ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಹಿಂದಿರುಗುವ ಹಿರಿಯರಲ್ಲಿ ಅನೇಕರ ಬಾಲ್ಯದ ವಾಚನವು ಎರಡು ಬಗೆಯದಾಗಿತ್ತು. ಒಂದು, ಮನೆಯಲ್ಲಿ ಅಜ್ಜಿ ಹೇಳಿ ಓದಿಸಿದ ಪುರಾಣಪುರುಷರ ಚರಿತೆ. ಇನ್ನೊಂದು, ‘ಸುಧಾ’ ವಾರಪತ್ರಿಕೆ ಕೈಗೆ ಬಂದೊಡನೆ ಎಲ್ಲಕ್ಕಿಂತ ಮೊದಲು ತೆರೆಯುತ್ತಿದ್ದ ಫ್ಯಾಂಟಮ್ ಪುಟ. ಮೊದಲನೆಯದು ಮರೆತಿರಬಹುದು, ಎರಡನೆಯದನ್ನು ಮರೆತವರು ವಿರಳ. ಇದನ್ನು ಬಾಲಿಶವೆಂದು ತಳ್ಳಿಹಾಕುವುದು ಸುಲಭ. ಆದರೆ ನಾಲ್ಕಾರು ದಶಕಗಳ ಕಾಲ ಸದ್ಗೃಹಸ್ಥರ ಮನೆಗಳಲ್ಲಿ ಒಬ್ಬ ಪರದೇಶದ ಕಾಲ್ಪನಿಕ ವೀರನು ಇಷ್ಟೊಂದು ಪ್ರೀತಿಗೆ ಪಾತ್ರನಾದುದು ಏಕೆ ಎಂಬ ಪ್ರಶ್ನೆ ವಿಚಾರಯೋಗ್ಯವಾದುದೇ ಆಗಿದೆ.

ಅಮೆರಿಕದ ಲೇಖಕ ಲೀ ಫಾಕ್ ಈ ಕಥೆಯನ್ನು 1936ರ ಫೆಬ್ರವರಿ 17ರಂದು ದಿನಪತ್ರಿಕೆಯ ಚಿತ್ರಮಾಲೆಯಾಗಿ ಆರಂಭಿಸಿದರು. ಸೂಪರ್‌ಮ್ಯಾನ್ ಬಂದುದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಹೀಗೆ ವೇಷಧಾರಿ ವೀರರಲ್ಲಿ ಫ್ಯಾಂಟಮ್ ಅವರಿಬ್ಬರಿಗೂ ಹಿರಿಯ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು 1964ರ ಮಾರ್ಚ್‌ನಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಮಾಲಿಕೆಯನ್ನು ಹೊರತಂದಾಗ ಮೊದಲ 32 ಸಂಚಿಕೆಗಳೂ ಫ್ಯಾಂಟಮ್‌ನವೇ ಆಗಿದ್ದವು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದ ಆ ಮಾಲಿಕೆ 1990ರಲ್ಲಿ ನಿಂತುಹೋಯಿತು. ಮೂಲದಲ್ಲಿದ್ದ ನಾಡಿನ ಹೆಸರು ನಮ್ಮವರಿಗೆ ಬಂಗಾಳವೆಂದು ತೋರದಿರಲೆಂದೋ ಏನೋ, ಇಲ್ಲಿನ ಸಂಪಾದಕರು ಅದನ್ನು ‘ಡೆಂಕಾಲಿ’ ಎಂದು ಬದಲಿಸಿದರು.

ಫ್ಯಾಂಟಮ್‌ನ ಆಕರ್ಷಣೆಯ ಮೊದಲ ಕಾರಣ ಆತನಲ್ಲಿ ಅತಿಮಾನುಷವಾದುದು ಏನೂ ಇಲ್ಲದಿರುವುದು. ಸೂಪರ್‌ಮ್ಯಾನ್ ಬೇರೊಂದು ಗ್ರಹದಲ್ಲಿ ಹುಟ್ಟಿದವನು. ಆತನ ಬಲ ಜನ್ಮಜಾತ. ಫ್ಯಾಂಟಮ್ ಗುಂಡು ತಗುಲಿದರೆ ಗಾಯಗೊಳ್ಳುತ್ತಾನೆ, ಆಯುಸ್ಸು ಮುಗಿದರೆ ಸಾಯುತ್ತಾನೆ. ಸಾಯದೆ ಉಳಿಯುವುದು ಆತನ ವ್ರತ ಮಾತ್ರ. ಕಥೆಯ ಪ್ರಕಾರ 1536ರಲ್ಲಿ ಕಡಲ್ಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡ ತರುಣನೊಬ್ಬ, ಹಂತಕನ ತಲೆಬುರುಡೆಯ ಮೇಲೆ ಕೈಯಿಟ್ಟು, ಕಡಲ್ಗಳ್ಳತನ, ಲೋಭ, ಕ್ರೌರ್ಯ, ಅನ್ಯಾಯಗಳ ವಿರುದ್ಧ ತಾನೂ ತನ್ನ ಸಂತತಿಯೂ ಹೋರಾಡುವುದಾಗಿ ಪ್ರತಿಜ್ಞೆಗೈಯುತ್ತಾನೆ. ಇಂದಿನ ಕಥಾನಾಯಕ ಆ ವಂಶದ 21ನೆಯವನು. ತಂದೆ ಹಿಡಿದುದನ್ನು ಮಗ ಬಿಡದೆ ನಡೆಸಿಕೊಂಡು ಬರುವುದು ಎಷ್ಟು ದುಷ್ಕರವೆಂಬುದನ್ನು, ಮೂರನೆಯ ತಲೆಮಾರಿಗೇ ಮುಚ್ಚಿಹೋದ ಅಂಗಡಿಗಳನ್ನು ಚಿಕ್ಕಪೇಟೆಯಲ್ಲಿ ಕಂಡವರಿಗೆ ವಿವರಿಸಬೇಕಾಗಿಲ್ಲ. ಪ್ರತಿಯೊಬ್ಬ ಫ್ಯಾಂಟಮ್ ತನ್ನ ಕಾರ್ಯಗಳನ್ನು ದಫ್ತರದಲ್ಲಿ ಸ್ವಹಸ್ತದಿಂದ ಬರೆದಿಡುತ್ತಾನೆ. ಮಗನಾದವನು ಅವನ್ನು ಓದುತ್ತಾನೆ. ಕಿರ್ದಿಯಂತೆ ಬರೆದಿಟ್ಟ ಆ ಗ್ರಂಥಗಳೇ ತಲೆಬುರುಡೆಯ ಗುಹೆಯ ನಿಜವಾದ ನಿಧಿ ಎಂದರೆ ಅತಿಶಯೋಕ್ತಿಯಾಗಲಾರದು.

ಲೌಕಿಕ ನಿಧಿಯೂ ಅಲ್ಲಿದೆ. ಒಂದು ಕೋಣೆಯಲ್ಲಿ ಚಿನ್ನ, ರತ್ನ. ಮತ್ತೊಂದರಲ್ಲಿ ಅಲೆಕ್ಸಾಂಡರನ ವಜ್ರದ ಬಟ್ಟಲಿನಂಥ ಅಪೂರ್ವ ವಸ್ತುಗಳು. ವಿಶೇಷವೆಂದರೆ, ಚಿನ್ನದ ಕೋಣೆಗೆ ‘ಕಿರಿಯ’ ಎಂದೂ ಚಾರಿತ್ರಿಕ ವಸ್ತುಗಳ ಕೋಣೆಗೆ ‘ಹಿರಿಯ’ ಎಂದೂ ಫಾಕ್ ಹೆಸರಿಟ್ಟಿದ್ದಾರೆ. ಇಷ್ಟೆಲ್ಲದರ ನಡುವೆ ಆತ ಕಲ್ಲಿನ ಗುಹೆಯಲ್ಲಿ ವಾಸಿಸುತ್ತಾನೆ, ಅಗತ್ಯವಿದ್ದಷ್ಟನ್ನೇ ತೆಗೆಯುತ್ತಾನೆ. ಪರಿಗ್ರಹವಿದ್ದೂ ಮೂರ್ಛೆಯಿಲ್ಲದ ಸ್ಥಿತಿ ಇದು. ಧರ್ಮಸಂಸ್ಥೆಗಳ ಭಂಡಾರದ ಬೀಗದ ಕೈ ಹಿಡಿದವರು ಈ ಚಿತ್ರವನ್ನು ಒಂದು ಕ್ಷಣ ನಿಂತು ನೋಡಬಹುದು. ಹಾಗೆಯೇ ಆತನ ಅಜ್ಞಾತತ್ವವನ್ನೂ ಗಮನಿಸಬೇಕು. ಕಾಡಿನ ಗಸ್ತುಪಡೆಗೆ ಆತನೇ ಅಧಿಪತಿ; ಆದರೆ ಪೆಟ್ಟಿಗೆಯೊಂದರಲ್ಲಿ ಆಜ್ಞೆಯ ಚೀಟಿ ದೊರೆಯುವುದೇ ಹೊರತು, ಇಟ್ಟವನಾರೆಂಬುದು ಆ ಪಡೆಯವರಿಗೆ ತಿಳಿಯದು. ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವ ನಾಡಿನಲ್ಲಿ ಮುಖ ತೋರದ ಉಪಕಾರಿಯು ಪ್ರಿಯನಾದುದು ವಿಚಿತ್ರವಾದರೂ ಸತ್ಯ.

ಹಿಂಸೆಯ ವಿಷಯದಲ್ಲಿಯೂ ಆತನ ನಡೆ ಪರಿಶೀಲನಾರ್ಹ. ಸೊಂಟದ ಎರಡೂ ಕಡೆ ಪಿಸ್ತೂಲುಗಳಿದ್ದರೂ ಆತ ಸಾಮಾನ್ಯವಾಗಿ ಗುರಿಯಿಡುವುದು ಎದುರಾಳಿಯ ಆಯುಧಕ್ಕೆ, ಎದೆಗಲ್ಲ. ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಗೃಹಸ್ಥನಾದವನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣ ತ್ಯಜಿಸಬೇಕೆಂದರು. ರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನೂ ಮಿತಗೊಳಿಸಬೇಕೆಂಬುದು ಅವರ ಆಶಯ. ಆ ಮಿತಿಯನ್ನು ಒಬ್ಬ ಅಮೆರಿಕನ್ ಪತ್ರಿಕಾಲೇಖಕ ತನ್ನ ನಾಯಕನಿಗೆ ವಿಧಿಸಿದುದು ಪ್ರಶಂಸನೀಯ. ಬಲವಿರುವವನು ಅದನ್ನು ತಡೆಹಿಡಿಯುವ ದೃಶ್ಯವೇ ಮಕ್ಕಳನ್ನು ಆಕರ್ಷಿಸಿದುದು. ಹೊಡೆದಾಟಕ್ಕಾಗಿಯೇ ಓದುತ್ತಾರೆಂಬುದು ಅರೆಸತ್ಯ.

ಇಷ್ಟಾದರೂ ದೋಷಗಳನ್ನು ಮರೆಮಾಚುವುದು ವಿಮರ್ಶೆಯಲ್ಲ. ಫ್ಯಾಂಟಮ್‌ನ ಅಧಿಕಾರ ನಿಂತಿರುವುದು ಅಸತ್ಯದ ಮೇಲೆ. ಆತ ಅಮರನೆಂದು ಕಾಡಿನ ಜನ ನಂಬಿದ್ದಾರೆ. ಆ ನಂಬಿಕೆಯನ್ನು 21 ತಲೆಮಾರುಗಳಿಂದ ಉದ್ದೇಶಪೂರ್ವಕ ಪೋಷಿಸಲಾಗಿದೆ. ಸದುದ್ದೇಶದ ಮಾಯೆಯೂ ಮಾಯೆಯೇ. ಅದಕ್ಕಿಂತ ಅಸಮಾಧಾನದ ಸಂಗತಿ, ನಂಬಿ ನಮಿಸುವವರು ಆಫ್ರಿಕದ ಕಪ್ಪು ಜನರು, ನಮಿಸಿಕೊಳ್ಳುವವನು ಬಿಳಿಯ. ಆಳಿಸಿಕೊಂಡ ಜನರಾದ ನಾವು ಬಾಲ್ಯದಲ್ಲಿ ಇದನ್ನು ಗಮನಿಸದೆ ಓದಿದೆವಾದರೂ ಮೊಮ್ಮಕ್ಕಳ ಕೈಗೆ ಪುಸ್ತಕವನ್ನು ಕೊಡುವಾಗ ಈ ಮಾತನ್ನೂ ಹೇಳಿಕೊಡುವುದು ಯುಕ್ತ.

ಈಡನ್ ದ್ವೀಪದ ಪ್ರಸಂಗ ಅತ್ಯಂತ ಮನೋಹರ. ಅಲ್ಲಿ ಸಿಂಹ, ಹುಲಿ, ಜಿಂಕೆಗಳು ವೈರ ಮರೆತು ಒಟ್ಟಿಗೆ ಬಾಳುತ್ತವೆ. ಸಮವಸರಣದ ವರ್ಣನೆಯನ್ನು ಕೇಳಿ ಬೆಳೆದವರಿಗೆ ಆ ಪುಟ ಎಂಥ ಪುಳಕ ತಂದಿರಬೇಕು! ಆದರೆ ಆ ಹುಲಿ ಸಿಂಹಗಳು ಹಸಿವನ್ನು ಹೇಗೆ ನೀಗಿಕೊಳ್ಳುತ್ತವೆ? ಮರಿಗಳಿದ್ದಾಗಿನಿಂದ ಅವಕ್ಕೆ ಮೀನು ತಿನ್ನುವುದನ್ನು ರೂಢಿ ಮಾಡಿಸಲಾಗಿದೆ. ನಾಲ್ಕು ಕಾಲಿನ ಜೀವಿಗೆ ಅಭಯ, ನೀರಿನ ಜೀವಿಗೆ ಇಲ್ಲ. ಪಂಚೇಂದ್ರಿಯ ಜೀವವೇ ಆದ ಮೀನು ಲೇಖಕನ ದೃಷ್ಟಿಯಲ್ಲಿ ಲೆಕ್ಕಕ್ಕೇ ಬಾರದಿರುವುದು ಕರುಣೆಯ ಗಡಿಯನ್ನು ತಮಗೆ ಅನುಕೂಲವಾದಲ್ಲಿ ಎಳೆದುಕೊಳ್ಳುವ ಲೋಕದ ಅಭ್ಯಾಸಕ್ಕೆ ನಿದರ್ಶನ.

ಇನ್ನು ಉಂಗುರಗಳು. ಎಡಗೈಯದು ಅಭಯದ ಮುದ್ರೆ. ಬಲಗೈಯದು ತಲೆಬುರುಡೆಯ ಮುದ್ರೆ. ಬಲಗೈಯ ಏಟು ತಿಂದ ದುಷ್ಟನ ದವಡೆಯ ಮೇಲೆ ಬುರುಡೆಯ ಗುರುತು ಜೀವನಪರ್ಯಂತ ಉಳಿಯುತ್ತದೆ. ಓದುವ ಹುಡುಗನಿಗೆ ಇದು ರೋಮಾಂಚಕ. ಆದರೆ ಆ ದುಷ್ಟನು ಮುಂದೆ ಪಶ್ಚಾತ್ತಾಪಪಟ್ಟರೆ? ವರ್ಷಕ್ಕೊಮ್ಮೆ ಕ್ಷಮಾವಣಿಯಂದು ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವ ಸಮಾಜಕ್ಕೆ, ಪ್ರಾಯಶ್ಚಿತ್ತಕ್ಕೆ ಅವಕಾಶವನ್ನೇ ಕೊಡದ ಈ ಶಿಕ್ಷೆ ಸಮ್ಮತವಾಗಲಾರದು. ಹಂತಕನ ಬುರುಡೆಯಿಂದ ಆರಂಭವಾದ ವ್ರತದಲ್ಲಿ ವೈರದ ಅಂಶ ಪೂರ್ತಿ ಕರಗಿಲ್ಲವೆಂಬುದಕ್ಕೆ ಆ ಉಂಗುರವೇ ಸಾಕ್ಷಿ. ಜನ್ಮಜನ್ಮಾಂತರ ಬೆನ್ನಟ್ಟಿ ಬಂದ ಕಮಠನ ವೈರವನ್ನು ಪಾರ್ಶ್ವನಾಥರು ಎದುರಿಸಿದ ರೀತಿ ಬೇರೆಯೇ ಆಗಿತ್ತು.

ಟೈಮ್ಸ್ ಸಂಸ್ಥೆಯಲ್ಲಿದ್ದಾಗ ಇಂದ್ರಜಾಲ ಮಾಲಿಕೆಯ ಆರಂಭದಲ್ಲಿ ಪಾತ್ರ ವಹಿಸಿ, ಮುಂದೆ 1967ರಲ್ಲಿ ಅಮರ ಚಿತ್ರಕಥೆಯನ್ನು ರೂಪಿಸಿದ ಅನಂತ ಪೈ ಅವರು ಹುಟ್ಟಿದ ಊರು ಕಾರ್ಕಳ. 1432ರಲ್ಲಿ ಸ್ಥಾಪಿತವಾದ ಬಾಹುಬಲಿ ನಿಂತಿರುವ ಊರು. ಅಮರ ಚಿತ್ರಕಥೆಯಲ್ಲಿ ಬಾಹುಬಲಿಯ ಕಥೆಯೂ ಬಂದಿತು. ಆದರೂ ಫ್ಯಾಂಟಮ್‌ನಂತೆ ಬಾಹುಬಲಿ ವಾರವಾರವೂ ಕಾಯುವಂಥ ಚಿತ್ರಕಥಾನಾಯಕನಾಗಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳವರೆಗೆ ಚಿತ್ರಗಾರನಿಗೆ ಕೆಲಸವುಂಟು. ಗೆದ್ದವನು ಗೆದ್ದುದನ್ನೇ ಬಿಟ್ಟು ನಿಂತಮೇಲೆ ಹುತ್ತ ಬೆಳೆಯುತ್ತದೆ, ಬಳ್ಳಿ ಹಬ್ಬುತ್ತದೆ. ಮುಂದಿನ ವಾರಕ್ಕೆ ಏನೂ ಉಳಿಯುವುದಿಲ್ಲ. ಫ್ಯಾಂಟಮ್‌ನ ಪ್ರತಿಜ್ಞೆಯಾದರೋ ಎಂದಿಗೂ ಪೂರೈಸುವಂತಿಲ್ಲ. ಪೂರೈಸಿದರೆ ಪತ್ರಿಕೆಯ ಪುಟ ಖಾಲಿ. ಲೀ ಫಾಕ್ 1999ರ ಮಾರ್ಚ್ 13ರಂದು ನಿಧನರಾದರು. ಕಥೆಯನ್ನು ಬೇರೆಯವರು ಮುಂದುವರಿಸಿದರು. ಕಡಲ್ಗಳ್ಳರೂ ಹೊಸಬರು ಬಂದರು.