ನಿಲ್ಲುವ ಸ್ವರ, ಜಾರುವ ಸ್ವರ

ಎರಡು ವಾದ್ಯಗಳು ಒಂದೇ ವೇದಿಕೆಯಲ್ಲಿ ನುಡಿದ ಮಾತ್ರಕ್ಕೆ ಅದು ಮೇಳವಾಗುವುದಿಲ್ಲ. ಒಂದರ ನುಡಿಯನ್ನು ಇನ್ನೊಂದು ಕೇಳಿಸಿಕೊಂಡಾಗ ಮಾತ್ರ ಮೇಳವೆಂಬ ಹೆಸರು ಸಲ್ಲುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಭಜನೆ, ಬಯಲಾಟ, ನಾಟಕಗಳ ಹಿಮ್ಮೇಳವನ್ನು ಗಮನವಿಟ್ಟು ಕೇಳುವವರಿಗೆ ಈ ಮಾತಿನ ಅರ್ಥ ಬೇಗನೆ ಹೊಳೆಯುತ್ತದೆ. ನಮ್ಮ ಜನ ‘ಪೇಟಿ’ ಎಂದು ಕರೆಯುವ ಹಾರ್ಮೋನಿಯಂ ಈ ಹಿಮ್ಮೇಳದ ಬೆನ್ನೆಲುಬು. ಅದರ ಜೊತೆಗೆ ಸನಾದಿ, ಪಿಟೀಲು ಅಥವಾ ಹಾಡುಗಾರನ ಕಂಠ ಕೂಡಿಕೊಳ್ಳುತ್ತದೆ. ಇವುಗಳ ಸ್ವಭಾವ ಒಂದಕ್ಕೊಂದು ವಿರುದ್ಧವಾದುದು.

ಪೇಟಿಯ ಒಳಗೆ ಲೋಹದ ಸಣ್ಣ ನಾಲಗೆಗಳಿವೆ. ತಿದಿಯ ಗಾಳಿ ತಗುಲಿದಾಗ ಅವು ಕಂಪಿಸುತ್ತವೆ. ಒಂದು ನಾಲಗೆಗೆ ಒಂದೇ ಸ್ವರ. ರಿಷಭದಿಂದ ಗಾಂಧಾರಕ್ಕೆ ಹೋಗಬೇಕಾದರೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕಾಲಿಟ್ಟಂತೆ ಹೋಗಬೇಕು. ಸನಾದಿಗೂ ಪಿಟೀಲಿಗೂ ಆ ನಿರ್ಬಂಧವಿಲ್ಲ. ಮೆಟ್ಟಿಲುಗಳ ನಡುವಿನ ಇಳಿಜಾರೇ ಅವುಗಳ ಮನೆ. ಒಂದು ನಿಲ್ಲುವ ಸ್ವರ, ಇನ್ನೊಂದು ಜಾರುವ ಸ್ವರ. ಇವೆರಡೂ ಜಗಳವಿಲ್ಲದೆ ಬಾಳುವುದು ಹೇಗೆ?

ಇದೇ ಪ್ರಶ್ನೆಯನ್ನು ಬಹುದೂರದ ಅಮೆರಿಕದ ಹಳ್ಳಿಗಾಡಿನ ಸಂಗೀತಗಾರರೂ ಎದುರಿಸಿದ್ದಾರೆಂಬುದು ಕುತೂಹಲದ ಸಂಗತಿ. ಅಲ್ಲಿನ ‘ಕಂಟ್ರಿ’ ಸಂಗೀತದ ಕೆಲವು ತಂಡಗಳಲ್ಲಿ ಅಕಾರ್ಡಿಯನ್ ಮತ್ತು ಸ್ಟೀಲ್ ಗಿಟಾರ್ ಜೊತೆಯಾಗಿ ನುಡಿದವು. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಹಕ್ಕುಪತ್ರ ಪಡೆದ ಅಕಾರ್ಡಿಯನ್, ನಮ್ಮ ಪೇಟಿಯ ಹತ್ತಿರದ ಬಂಧು. ಎರಡರಲ್ಲಿಯೂ ಹಾಡುವುದು ಲೋಹದ ನಾಲಗೆಯೇ. ‘ಸಂಗಮ್’ (1964) ಚಿತ್ರದಲ್ಲಿ ರಾಜ್ ಕಪೂರ್ ಎದೆಗೆ ಧರಿಸಿದ್ದ ವಾದ್ಯವೆಂದರೆ ಹಿರಿಯ ಓದುಗರಿಗೆ ನೆನಪಾದೀತು. ಸ್ಟೀಲ್ ಗಿಟಾರ್ ಹವಾಯಿ ದ್ವೀಪಗಳ ಕೊಡುಗೆ. ಮಲಗಿಸಿದ ತಂತಿಗಳ ಮೇಲೆ ಉಕ್ಕಿನ ಕಡ್ಡಿಯನ್ನು ಜಾರಿಸಿ ಅದನ್ನು ನುಡಿಸುತ್ತಾರೆ. ಮುಂದೆ ಅದಕ್ಕೆ ಕಾಲಿನಿಂದ ತುಳಿಯುವ ಪೆಡಲುಗಳು ಸೇರಿಕೊಂಡು ಪೆಡಲ್ ಸ್ಟೀಲ್ ಗಿಟಾರ್ ಆಯಿತು. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್ ಅವರ ಒಂದು ಹಾಡಿನಲ್ಲಿ ಬಡ್ ಐಸಾಕ್ಸ್ ಎಂಬ ವಾದಕರು, ಒಂದು ತಂತಿಯ ಸ್ವರ ನಿಂತಿರುವಾಗಲೇ ಇನ್ನೊಂದರ ಸ್ವರ ಬಾಗಿ ಅದನ್ನು ಕೂಡಿಕೊಳ್ಳುವಂತೆ ನುಡಿಸಿದರು. ಆ ನಾದವು ಮುಂದಿನ ಪೀಳಿಗೆಗೆ ಮಾದರಿಯಾಯಿತು.

ಪೀ ವೀ ಕಿಂಗ್ (1914–2000) ಎಂಬ ಪ್ರಸಿದ್ಧ ತಂಡನಾಯಕರು ಸ್ವತಃ ಅಕಾರ್ಡಿಯನ್ ವಾದಕರು. ಆದರೂ ಕಾಲಕ್ರಮೇಣ ಕಂಟ್ರಿ ವೇದಿಕೆಯಲ್ಲಿ ಅಕಾರ್ಡಿಯನ್ ಹಿಂದೆ ಸರಿಯಿತು, ಸ್ಟೀಲ್ ಗಿಟಾರ್ ಆ ಸಂಗೀತದ ಗುರುತಾಗಿ ಉಳಿಯಿತು. ಅಭಿರುಚಿಯ ಬದಲಾವಣೆ ಇದಕ್ಕೊಂದು ಕಾರಣವಿರಬಹುದು. ಆದರೆ ಜೊತೆಗೂಡಿಕೆಯಲ್ಲಿಯೇ ಒಂದು ತೊಡಕಿತ್ತೆಂಬುದನ್ನು ಮರೆಯಲಾಗದು. ಎರಡೂ ವಾದ್ಯಗಳು ಸ್ವರವನ್ನು ದೀರ್ಘವಾಗಿ ಎಳೆಯಬಲ್ಲವು. ಎರಡರ ಧ್ವನಿಯೂ ಹಾಡುಗಾರನ ಕಂಠ ಸಂಚರಿಸುವ ನಡುಸ್ಥಾಯಿಯಲ್ಲಿಯೇ ನೆಲೆಸಿದೆ. ಅಕಾರ್ಡಿಯನ್ನಿನಲ್ಲಿ ತುಸು ಅಂತರವಿಟ್ಟು ಶ್ರುತಿ ಮಾಡಿದ ಎರಡು ನಾಲಗೆಗಳು ಒಟ್ಟಿಗೆ ನುಡಿದು ಅಲೆಯಂಥ ಕಂಪನವನ್ನು ಉಂಟುಮಾಡುವುದುಂಟು. ಸ್ಟೀಲ್ ಗಿಟಾರಿನ ಕಡ್ಡಿಯೂ ನಡುಗುತ್ತಲೇ ಇರುತ್ತದೆ. ಅಲೆಯ ಮೇಲೆ ಅಲೆ ಬಿದ್ದರೆ ನೀರು ಕದಡುತ್ತದೆ.

ಬಲ್ಲವರು ಕಂಡುಕೊಂಡ ಪರಿಹಾರ ಸರಳವಾಗಿದೆ. ಅಕಾರ್ಡಿಯನ್ ಒಂದೇ ನಾಲಗೆಯ ತೆಳು ಧ್ವನಿಯನ್ನು ಆರಿಸಿಕೊಂಡು, ಮಂದ್ರದ ಕೆಲಸವನ್ನು ಬೇಸ್ ಗಿಟಾರಿಗೆ ಬಿಟ್ಟುಕೊಟ್ಟು, ಲಯಕ್ಕೆ ಹೊಂದಿ ಚಿಕ್ಕ ಚಿಕ್ಕದಾಗಿ ನುಡಿಯಬೇಕು. ಸ್ಟೀಲ್ ಗಿಟಾರ್ ದೀರ್ಘವಾಗಿ ಎಳೆಯಬೇಕು. ಒಂದು ಚರಣದಲ್ಲಿ ಇದು ಹಾಡಿಗೆ ಉತ್ತರ ಕೊಟ್ಟರೆ, ಮುಂದಿನ ಚರಣದಲ್ಲಿ ಅದು ಕೊಡಬೇಕು. ಹೀಗೆ ವಿವೇಕದಿಂದ ಬಳಸಿದರೆ ಎರಡಕ್ಕೂ ಸ್ಥಳವಿದೆ ಎಂಬುದಕ್ಕೆ ರೈ ಕೂಡರ್ ಅವರ 1976ರ ಧ್ವನಿಮುದ್ರಿಕೆಯೊಂದು ಸಾಕ್ಷಿ. ಅದರಲ್ಲಿ ಟೆಕ್ಸಾಸಿನ ಫ್ಲಾಕೊ ಹಿಮೆನೆಸ್ ಅವರ ಅಕಾರ್ಡಿಯನ್ನೂ ಹವಾಯಿಯ ಗ್ಯಾಬಿ ಪಹಿನುಯಿ ಅವರ ಸ್ಟೀಲ್ ಗಿಟಾರೂ ಸೇರಿವೆ. ಇದೇ ಕೂಡರ್ ಮುಂದೆ ನಮ್ಮ ದೇಶದ ವಿಶ್ವಮೋಹನ ಭಟ್ಟರ ಮೋಹನವೀಣೆಯೊಡನೆ ನುಡಿಸಿ, 1994ರಲ್ಲಿ ಅವರೊಂದಿಗೆ ಗ್ರ್ಯಾಮಿ ಪ್ರಶಸ್ತಿ ಹಂಚಿಕೊಂಡರು.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಒಮ್ಮೆ ಕಠೋರವಾದ ಉತ್ತರ ದೊರೆಯಿತು. ಜಾರುವಿಕೆಗೂ ಸೂಕ್ಷ್ಮ ಶ್ರುತಿಗೂ ಹಾರ್ಮೋನಿಯಂ ಒಗ್ಗದೆಂದು ವಾದಿಸಿ, 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. ಬಹಿಷ್ಕಾರ ಸಡಿಲಗೊಂಡದ್ದು 1971ರಲ್ಲಿ. ಆಕ್ಷೇಪಣೆಯಲ್ಲಿ ಸತ್ಯಾಂಶವಿತ್ತು, ಶಿಕ್ಷೆ ಮಾತ್ರ ತಪ್ಪಾಗಿತ್ತು. ವಾದ್ಯದ ಕೊರತೆಯನ್ನು ವಾದಕನ ಸಂಯಮ ತುಂಬಬಲ್ಲದೆಂಬುದನ್ನು ಆ ತೀರ್ಪು ಗಣನೆಗೆ ತೆಗೆದುಕೊಳ್ಳಲಿಲ್ಲ. ಒಳ್ಳೆಯ ಪೇಟಿ ಮಾಸ್ತರರು ಹಾಡುಗಾರನ ಪ್ರತಿಯೊಂದು ಜಾರನ್ನೂ ಬೆನ್ನಟ್ಟುವುದಿಲ್ಲ. ಕಂಠವು ಇಳಿಜಾರಿನಲ್ಲಿರುವಾಗ ಅವರು ಆಧಾರ ಸ್ವರವನ್ನು ಹಿಡಿದು ಕಾಯುತ್ತಾರೆ. ಅದು ನೆಲೆಗೆ ಬಂದಾಗ ಮೆಲ್ಲನೆ ಜೊತೆಗೂಡುತ್ತಾರೆ. ನೆರೆಯ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ, ಸಾರಂಗಿ, ಪಿಟೀಲು ಮೂರನ್ನೂ ಬಲ್ಲವರಾಗಿದ್ದರು. ನಿಲ್ಲುವ ಸ್ವರಕ್ಕೂ ಜಾರುವ ಸ್ವರಕ್ಕೂ ವೈರವಿಲ್ಲವೆಂಬುದಕ್ಕೆ ಅವರ ಬದುಕಿಗಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಹಾಗಾದರೆ ಇಂದಿನ ಅಪಾಯ ಯಾವುದು? ಪೇಟಿಯಂತೂ ಅಲ್ಲ. ಎಲ್ಲ ವಾದ್ಯಗಳ ಧ್ವನಿಯನ್ನೂ ತಾನೊಂದೇ ಅನುಕರಿಸುವ ವಿದ್ಯುತ್ ಕೀಬೋರ್ಡು ಮತ್ತು ಅದರ ಹಿಂದಿರುವ ದೊಡ್ಡ ಧ್ವನಿವರ್ಧಕ. ಅದರಲ್ಲಿ ಸನಾದಿಯ ಗುಂಡಿ ಒತ್ತಿದರೆ ಸನಾದಿಯ ಬಣ್ಣವೇನೋ ಬರುತ್ತದೆ. ಊದುವವನ ಉಸಿರು ಬರುವುದಿಲ್ಲ. ಬಯಲಾಟ, ಗೊಂಬೆಯಾಟಗಳ ಹಳೆಯ ಹಿಮ್ಮೇಳದ ಮುಖವೀಣೆ ಈಗ ಅಪರೂಪವಾಗಿದೆ. ಕೊಪ್ಪಳ ತಾಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಆದರೆ ಗೊಂಬೆಯ ಹಿಂದೆ ಕುಳಿತು ನುಡಿಸುವವರನ್ನು ಮರೆತರೆ ಆ ಹೆಮ್ಮೆ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ದೇವಾಲಯಗಳ ಗಾಯನವೃಂದಗಳಿಗೂ ಈ ವಿಮರ್ಶೆ ಅನ್ವಯಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಆಯಾ ಜನಾಂಗದ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ಯೋಗ್ಯ ಸ್ಥಾನವಿರಬೇಕೆಂದು ತಿಳಿಸಿತು. ಅಮೆರಿಕದ ಕೆಲವು ಕಪ್ಪು ಜನರ ಸಭೆಗಳಲ್ಲಿ 1930ರ ದಶಕದಿಂದಲೂ ಸ್ಟೀಲ್ ಗಿಟಾರೇ ಆರಾಧನೆಯ ಮುಖ್ಯ ವಾದ್ಯವಾಗಿದ್ದು, ಸಭಿಕರ ಕಂಠದೊಡನೆ ಅದು ಸಂವಾದ ನಡೆಸುತ್ತದೆ. ನಮ್ಮಲ್ಲಿ ಪಿಟೀಲು ಬಲ್ಲ ಹಿರಿಯರೋ ಕೊಳಲು ಬಲ್ಲ ತರುಣರೋ ಇದ್ದರೆ ಅವರನ್ನು ಕರೆಯೋಣ. ಕೀಬೋರ್ಡಿನ ಧ್ವನಿಯನ್ನು ತಗ್ಗಿಸೋಣ. ಒಂದು ಚರಣವನ್ನು ಅವರಿಗೇ ಬಿಟ್ಟುಕೊಡೋಣ. ಮಕ್ಕಳಿಗೆ ಮನೆಯನ್ನು ಒತ್ತುವುದರ ಜೊತೆಗೆ ಸ್ವರದಿಂದ ಸ್ವರಕ್ಕೆ ಜಾರುವುದನ್ನೂ ಕಲಿಸೋಣ.

ಬಲವಾದ ವಾದ್ಯಕ್ಕೆ ದುರ್ಬಲ ವಾದ್ಯವನ್ನು ಮುಚ್ಚಿಹಾಕುವುದು ಸುಲಭ. ಸುಮ್ಮನಿರಲು ಕಲಿಯುವುದು ಅದಕ್ಕೆ ಕಷ್ಟ. ಮನೆತನಗಳಲ್ಲಿಯೂ ಊರುಗಳಲ್ಲಿಯೂ ನಾವು ಕಾಣುವ ಕಷ್ಟವೂ ಇದೇ ಅಲ್ಲವೇ? ಪೇಟಿ ಮಾಸ್ತರರು ಆಧಾರ ಸ್ವರವನ್ನು ಹಿಡಿದು ಕಾಯುವ ಆ ಒಂದು ಗಳಿಗೆಯಲ್ಲಿಯೇ ಸನಾದಿಯ ಸೊಗಸು ಕೇಳಿಬರುತ್ತದೆ.