ನಗು ನಿಲ್ಲುವ ಕೋಣೆ

ದೇವರಮನೆಯ ಮಳೆಗಾಲ. ಮಂಜು ಇಳಿದರೆ ಎದುರಿನ ಗುಡ್ಡವೂ ಕಾಣದು. ಅಂಥದೊಂದು ಸಂಜೆ ಗೆಳೆಯರು ಕೂಡಿ ‘ಮ್ಯಾಶ್’ ಧಾರಾವಾಹಿಯ ಹಳೆಯ ಕಂತೊಂದನ್ನು ನೋಡಿದೆವು. ಕೊರಿಯಾ ಯುದ್ಧದ (1950-53) ಅಮೆರಿಕನ್ ಸೇನಾ ಆಸ್ಪತ್ರೆಯೊಂದರ ಹಾಸ್ಯಕಥೆ ಅದು. ಈ ಕಂತು ಪ್ರಸಾರವಾದದ್ದು 1975ರ ಮಾರ್ಚ್ 18ರಂದು. ಆರು ವಾರ ಕಳೆದು ಸೈಗಾನ್ ಬಿತ್ತು.

ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್‌ಗೆ ಊರಿಗೆ ಮರಳುವ ಆದೇಶ ಬಂದಿದೆ. ಕುಡಿತ, ತಮಾಷೆ, ಬೀಳ್ಕೊಡುಗೆ. ಕೊನೆಗೆ, ಶಸ್ತ್ರಚಿಕಿತ್ಸೆ ನಡೆದಿರುವಾಗ ಗುಮಾಸ್ತ ರಾಡಾರ್ ಒಳಬಂದು ಸುದ್ದಿ ಓದುತ್ತಾನೆ: ಹೆನ್ರಿಯ ವಿಮಾನವನ್ನು ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ. ಯಾರಿಗೂ ಇನ್ನಾಲಿಲ್ಲಾಹಿ ಹೇಳುವಷ್ಟು ಬಿಡುವಿಲ್ಲ. ಮೇಜಿನ ಮೇಲೆ ಗಾಯಾಳು ಇದ್ದಾನೆ. ಧಾರಾವಾಹಿಯ ಉಳಿದೆಡೆ ಕೇಳಿಸುವ ಮುದ್ರಿತ ನಗು ಈ ಕೋಣೆಯೊಳಗೆ ಬರುವುದಿಲ್ಲ.

ಆಗ ಪ್ರೇಕ್ಷಕರು ಸಿಟ್ಟಿನ ಪತ್ರ ಬರೆದರು. ನಗಿಸುತ್ತಿದ್ದವನನ್ನು ಕೊಂದದ್ದೇಕೆ ಎಂಬುದು ಅವರ ದೂರು. ಆದರೆ ಯುದ್ಧ ಹೇಳಿಕೇಳಿ ಕೊಲ್ಲುವುದಿಲ್ಲ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ನಮ್ಮ ತಕರಾರು ಬೇರೆ. ಯಾರ ನೆಲದ ಮೇಲೆ ಯುದ್ಧ ನಡೆದಿದೆಯೋ ಆ ಕೊರಿಯನ್ನರು ಇಲ್ಲಿ ಕಥೆಯ ಅಂಚಿನಲ್ಲೇ ಉಳಿಯುತ್ತಾರೆ. ಒಬ್ಬ ಹೆನ್ರಿಗಾಗಿ ಅತ್ತ ನಾವು ಅವರಲ್ಲಿ ಒಬ್ಬರ ಹೆಸರನ್ನೂ ನೆನಪಿಟ್ಟುಕೊಳ್ಳಲಿಲ್ಲ. ಆ ಯುದ್ಧಕ್ಕೆ ಭಾರತ ಕಳಿಸಿದ್ದು ಕಾದಾಡುವ ಪಡೆಯನ್ನಲ್ಲ, 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು. ತಾಯ್ನಾಡಿಗೆ ಮರಳಲೊಲ್ಲದ ಸೆರೆಯಾಳುಗಳ ಹೊಣೆ ಹೊತ್ತ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರಾದವರು ನಮ್ಮ ಕೊಡಗಿನ ತಿಮ್ಮಯ್ಯ. ಈ ಕಥೆ ನಮಗೆ ತೀರಾ ಹೊರಗಿನದೇನಲ್ಲ.

ಗಾಜಾದ ಆಸ್ಪತ್ರೆಗಳೇ ದಾಳಿಗೆ ತುತ್ತಾದುದನ್ನು ಕಂಡಮೇಲೆ ಈ ಕಂತು ನಮ್ಮನ್ನು ಕೇಳುವುದು ಇಷ್ಟೇ: ಯಾರ ಸಾವಿಗೆ ನಮ್ಮ ನಗು ನಿಲ್ಲುತ್ತದೆ?