ಒಳಗೋ ಹೊರಗೋ

ಯುಗಾದಿಯ ಮಧ್ಯಾಹ್ನ ಹೋಳಿಗೆ ಊಟ ಮುಗಿಯುತ್ತಿದ್ದಂತೆ ಚಳ್ಳಕೆರೆ ಸೀಮೆಯ ನಮ್ಮ ಅಜ್ಜಿಮನೆಯ ಪಡಸಾಲೆಯಲ್ಲಿ ಕರಿಕಂಬಳಿ ಹಾಸುತ್ತಿದ್ದರು. ಚಾಪೆಯ ಮೇಲೆ ಎಲೆ ಜಾರುತ್ತದೆ. ಕುರಿ ಉಣ್ಣೆಯ ಕಂಬಳಿ ಹಾಕಿದ ಎಲೆಯನ್ನು ಹಾಕಿದಲ್ಲೇ ಹಿಡಿದುಕೊಳ್ಳುತ್ತದೆ. ನಡುವೆ ಇಸ್ಪೀಟಿನ ಕಟ್ಟು, ಒಬ್ಬೊಬ್ಬರ ಮುಂದೆ ಇಪ್ಪತ್ತು ಹುಣಸೆ ಬೀಜ. ಶೇಂಗಾ ಬಿತ್ತನೆಗೆ ಇನ್ನೂ ಎರಡು-ಮೂರು ತಿಂಗಳಿದ್ದ ಕಾಲ, ಯಾರಿಗೂ ಎದ್ದು ಹೋಗುವ ಅವಸರವಿಲ್ಲ. ಆಡುತ್ತಿದ್ದುದು ಅಂದರ್-ಬಾಹರ್. ಅಜ್ಜಿಯ ಬಾಯಲ್ಲಿ ಅದು ಒಳಗೆ-ಹೊರಗೆ. ಮೊಳಕಾಲ್ಮುರಿನಾಚೆ, ರಾಯದುರ್ಗದ ಗಡಿಗೆ ಅಂಟಿಕೊಂಡು ತೆಲುಗು ಮಾತಾಡುವ ಮನೆಗಳಲ್ಲಿ ಇದೇ ‘ಲೋಪಲ-ಬಯಟ’, ತಮಿಳರಿಗೆ ‘ಮಂಗಾತ’.

ಆಟ ಕಲಿಯಲು ಒಂದು ನಿಮಿಷ ಸಾಕು. ಕಟ್ಟಿನಿಂದ ಒಂದು ಎಲೆ ತೆಗೆದು ನಡುವೆ ಮೇಲ್ಮುಖವಾಗಿ ಇಡುತ್ತಾರೆ. ಅದು ಜೋಕರ್. ಉಳಿದ 51 ಎಲೆಗಳನ್ನು ಒಂದು ಒಳಗೆ, ಒಂದು ಹೊರಗೆ ಎಂದು ಎರಡು ಕಡೆಗೆ ಹಾಕುತ್ತಾ ಹೋಗುತ್ತಾರೆ. ಜೋಕರ್ ಎಂಟಾಗಿದ್ದರೆ ಇನ್ನೊಂದು ಎಂಟು ಮೊದಲು ಯಾವ ಕಡೆ ಬೀಳುತ್ತದೋ ಆ ಕಡೆಯವರು ಗೆದ್ದರು. ಕುಣಿಮಗ್ಗದ ಲಾಳಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡುವುದನ್ನು ಮೊಳಕಾಲ್ಮುರಿನಲ್ಲಿ ನಿಂತು ನೋಡಿದವರಿಗೆ ಈ ಕೈಚಲನೆ ಹೊಸದಲ್ಲ.

ಎರಡೂ ಕಡೆಗೆ ಸಮಪಾಲು ಅವಕಾಶ ಎಂದು ಎಲ್ಲರೂ ನಂಬುತ್ತಾರೆ. ನಾನೂ ಬಹಳ ಕಾಲ ನಂಬಿದ್ದೆ. ಆದರೆ ಲೆಕ್ಕ ಹಾಕಿದರೆ ಮೊದಲ ಎಲೆ ಬೀಳುವ ಕಡೆಗೆ ನೂರಕ್ಕೆ 51.5, ಇನ್ನೊಂದು ಕಡೆಗೆ 48.5. ಮೊದಲ ಎಲೆಯೇ ಜೋಡಿಯಾಗುವ ಸಾಧ್ಯತೆ ಹದಿನೇಳಕ್ಕೆ ಒಂದು. ಸರಾಸರಿಯಲ್ಲಿ ಜೋಡಿ ಸಿಗುವುದು ಹದಿಮೂರನೇ ಎಲೆಗೆ. ಎಷ್ಟೇ ಎಳೆದರೂ ನಲವತ್ತೊಂಬತ್ತನೇ ಎಲೆಗೆ ಆಟ ಮುಗಿಯಲೇಬೇಕು. ನಮ್ಮ ಮನೆಯಲ್ಲಿ ಒಂದು ಆಟ ಒಳಗಿನಿಂದ, ಮುಂದಿನದು ಹೊರಗಿನಿಂದ ಶುರು ಮಾಡುತ್ತಿದ್ದರು. ಲೆಕ್ಕ ಬರೆಯದೆಯೂ ಆ ಹಿರಿಯರು ನ್ಯಾಯ ಕಂಡುಕೊಂಡಿದ್ದರು.

ಈ ಆಟದ ನಿಜವಾದ ಕಸುಬು ಇರುವುದು ಎಲೆ ಕಲಸುವುದರಲ್ಲಿ. ಒಂದು ಆಟ ಮುಗಿದಾಗ ಗೆದ್ದ ರಾಶಿಯ ಮೇಲೆ ಜೋಡಿ ಎಲೆ ಕಾಣುತ್ತಿರುತ್ತದೆ. ಸೋಮಾರಿ ಕೈ ಜೋಕರನ್ನು ಅದರ ಮೇಲೆಯೇ ಹಾಕಿ ಎಲ್ಲವನ್ನೂ ಒಟ್ಟು ಮಾಡಿಬಿಡುತ್ತದೆ. ಎರಡು ಎಂಟು ಒಂದರ ಬೆನ್ನಿಗೊಂದು ಕೂತವು. ಎರಡು ಸಲ ಹಗುರಾಗಿ ಕಲಸಿದರೆ ಅವು ಬಿಡುವುದಿಲ್ಲ. ಮುಂದಿನ ಆಟಕ್ಕೆ ಕಟ್ ಮಾಡಿದಾಗ ಅವುಗಳಲ್ಲಿ ಮೇಲಿನದೇ ಜೋಕರ್ ಆದರೆ ಮರುಎಲೆಗೇ ಆಟ ಮುಗಿಯಿತು. ಅಜ್ಜಿ ಇದನ್ನು ಬಲ್ಲವಳು. ಜೋಕರ್ ಎತ್ತಿಕೊಂಡು ಸೋತ ರಾಶಿಯ ನಟ್ಟನಡುವೆ ತೂರಿಸುತ್ತಿದ್ದಳು. ನಾನು ಮರೆತರೆ ಮೊಣಕೈ ತಿವಿದು, “ಜೋಡಿ ಬಿಡಿಸು ಕಣಪ್ಪಾ” ಅನ್ನುತ್ತಿದ್ದಳು. ಕಟ್ಟನ್ನು ಎರಡು ಪಾಲು ಮಾಡಿ ಹೆಬ್ಬೆರಳಲ್ಲಿ ಪಟಪಟನೆ ಒಂದರೊಳಗೊಂದು ಹೆಣೆಯುವ ಕ್ರಮದಲ್ಲಿ ಏಳು ಸಲ ಕಲಸಿದರೆ 52 ಎಲೆಗಳು ತಕ್ಕಮಟ್ಟಿಗೆ ಬೆರೆಯುತ್ತವೆ ಎಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿಕೊಟ್ಟರು. ಕೈಯಿಂದ ಕೈಗೆ ಉದುರಿಸುವ ನಮ್ಮ ಕ್ರಮಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಸಲ ಬೇಕು.

ಬದಲಾವಣೆಗಳಲ್ಲಿ ನನಗೆ ಇಷ್ಟವಾದದ್ದು ಬಣ್ಣದ ಆಟ. ಸಂಖ್ಯೆಯ ಜೊತೆ ಬಣ್ಣವೂ ಹೊಂದಬೇಕು: ಜೋಕರ್ ಇಸ್ಪೀಟಿನ ರಾಣಿಯಾದರೆ ಕಳಾವರ್ ರಾಣಿಯೊಬ್ಬಳೇ ಬಿಡುಗಡೆ ಕೊಡಬಲ್ಲಳು. (ಕಳಾವರ್, ಆಟೀನು ಡಚ್ಚರ ಹೆಸರುಗಳು, ಅವರ ಹಡಗು ಹೋಗಿ ಎಷ್ಟು ಕಾಲವಾಯಿತು, ಹೆಸರು ನಮ್ಮ ಹಳ್ಳಿಯಲ್ಲಿ ಉಳಿದಿದೆ.) ಆಗ ಸರಾಸರಿ ಇಪ್ಪತ್ತಾರು ಎಲೆ ಕಾಯಬೇಕು. ಒಂದು ಸಲ ಕಟ್ಟಿನಲ್ಲಿ ಮೂರೇ ಎಲೆ ಉಳಿದಿದ್ದವು. ಪಡಸಾಲೆಯಲ್ಲಿ ಉಸಿರಾಡುವ ಸದ್ದು ಕೇಳುತ್ತಿತ್ತು. ಮಾಮೂಲಿ ಆಟದಲ್ಲಿ ಎಷ್ಟನೇ ಎಲೆಗೆ ಜೋಡಿ ಬೀಳುತ್ತದೆ ಎಂದು ಮೊದಲೇ ಹೇಳುವ ಪಂದ್ಯವೂ ಉಂಟು. ಹದಿಮೂರರ ಆಸುಪಾಸು ಹೇಳುವವರು ಜಾಣರಂತೆ ಕಂಡರೂ ನಿಜಕ್ಕೂ ಹೆಚ್ಚು ಸಲ ಬೀಳುವುದು ಮೊದಲ ಎಲೆಗೇ.

ದುಡ್ಡಿನ ಮಾತು ಆಡಲೇಬೇಕು. ನಮ್ಮ ಬಳಗದ ಹಿರಿಯರೊಬ್ಬರು ಬಿತ್ತನೆ ಬೀಜಕ್ಕೆಂದು ಇಟ್ಟಿದ್ದ ಹಣವನ್ನು ಒಂದು ರಾತ್ರಿಯಲ್ಲಿ ಈ ಆಟಕ್ಕೆ ಸುರಿದರು. ಆ ವರ್ಷ ಅವರ ಅರ್ಧ ಹೊಲ ಬೀಳು ಬಿತ್ತು. ಮೊದಲ ಎಲೆಯ ಕಡೆಯನ್ನು ತಾನೇ ಇಟ್ಟುಕೊಂಡು ಆಡಿಸುವವನು ಸಾವಿರ ಆಟಕ್ಕೆ 515 ಗೆಲ್ಲುತ್ತಾನೆ, 485 ಸೋಲುತ್ತಾನೆ. ಉಳಿದ ಮೂವತ್ತು ಅವನ ಜೇಬಿಗೆ. ಬೆಳತನಕ ಕೂತವರು ಕಳೆದುಕೊಳ್ಳುವುದು ಹೀಗೆಯೇ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯಲ್ಲಿ ಕೌಶಲವಿದೆ, ಮೂರೆಲೆ ಬರೀ ಅದೃಷ್ಟದ ಆಟ ಎಂದಿತು. ಅಂದರ್-ಬಾಹರ್ ಮೂರೆಲೆಗಿಂತಲೂ ಬರಿದಾದ ಅದೃಷ್ಟ. ಪಣಕ್ಕಿಟ್ಟರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವುದನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ, ಅದು ಸರಿಯೆಂದೇ ನನ್ನ ಮತ. ಕಲಸುವ ಕೈ ಕಣ್ಣಿಗೆ ಕಾಣದ ಕಡೆ ಈ ಆಟ ಆಡಬಾರದು.

ಈ ಸಲದ ಯುಗಾದಿಗೆ ಮಕ್ಕಳನ್ನು ಕೂರಿಸಿಕೊಂಡು ಹುಣಸೆ ಬೀಜ ಇಟ್ಟು ನೂರು ಆಟ ಆಡಿ. ಪ್ರತಿ ಜೋಡಿ ಎಷ್ಟನೇ ಎಲೆಗೆ ಬಿತ್ತೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ. ಮುಗಿದ ಮೇಲೆ ಎಲ್ಲವನ್ನೂ ಕೂಡಿ ನೂರರಿಂದ ಭಾಗಿಸಲು ಅವರಿಗೇ ಹೇಳಿ. ಉತ್ತರ ಹದಿಮೂರರ ಹತ್ತಿರ ಬರುತ್ತದೆ.